ನಾಗಲೂಟಿಯಲ್ಲಿ ಕುಳಿತ ದಿನ

ಶ್ರೀಶೈಲದ ಪಾದಯಾತ್ರೆಯಿಂದ ಹಲಬರ್ಗಾಕ್ಕೆ ಮರಳಿದ ಮೇಲೆ ನಾನು ಎದುರಿಸಿದ ಪ್ರಶ್ನೆಗಳು ಮುಖ್ಯವಾಗಿ ಎರಡೇ. “ಎಷ್ಟು ದಿನ ನಡದ್ರಿ?” ಎಂಬುದು ಒಂದು, “ಕಾಲು ನೊಂದಿಲ್ಲೇನು?” ಎಂಬುದು ಇನ್ನೊಂದು. ರೈಲು ನಿಲ್ದಾಣದ ಬಳಿ ಸಿಕ್ಕವರು ಕೇಳಿದರು, ಕಿರಾಣಿ ಅಂಗಡಿಯವರು ಕೇಳಿದರು, ಕಡೆಗೆ ಕ್ಷೌರಕ್ಕೆ ಕುಳಿತಾಗಲೂ ಕೇಳಿಸಿಕೊಂಡೆ. ಹನ್ನೆರಡು ದಿನ ನಡೆದೆ, ಒಂದು ದಿನ ಕುಳಿತೆ ಎಂದು ಎಲ್ಲರಿಗೂ ಒಂದೇ ಉತ್ತರ ಹೇಳಿದೆ. ಕೇಳಿದವರು ಹನ್ನೆರಡನ್ನು ಹಿಡಿದುಕೊಂಡು ಒಂದನ್ನು ಬಿಟ್ಟುಬಿಟ್ಟರು. ನಡೆದದ್ದು ಸಾಹಸ, ಕುಳಿತದ್ದರಲ್ಲೇನಿದೆ? ಎಲ್ಲಿಯವರೆಗೆ ನಡೆದೆ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಆದುದರಿಂದ ಈ ವಾರ ನಡೆದ ಹನ್ನೆರಡು ದಿನಗಳನ್ನು ಬದಿಗಿರಿಸಿ, ಕುಳಿತ ಆ ಒಂದು ದಿನದ ಮಾತನ್ನೇ ವಾಚಕರ ಮುಂದಿಡುತ್ತೇನೆ.

ಯುಗಾದಿಗೆ ನಡೆದು ಶ್ರೀಶೈಲ ಮುಟ್ಟುವ ಪದ್ಧತಿಯನ್ನು ನಗರವಾಸಿಗಳು ಬಹುಶಃ ಪತ್ರಿಕೆಯ ಚಿತ್ರಗಳಲ್ಲಿ ಮಾತ್ರ ಕಂಡಿರುವರು. ವಿಜಯಪುರ, ಬಾಗಲಕೋಟೆ, ಬೆಳಗಾವಿ, ರಾಯಚೂರು, ಕಲಬುರಗಿಗಳ ಹಳ್ಳಿಹಳ್ಳಿಗಳಿಂದ ಜನ ಹೆಗಲ ಮೇಲೆ ಕಂಬಿ ಹೊತ್ತು, “ಉಘೇ ಉಘೇ” ಎನ್ನುತ್ತ ಹೊರಡುತ್ತಾರೆ. ಭ್ರಮರಾಂಬೆ ಈ ಸೀಮೆಯವರ ಪಾಲಿಗೆ ದೇವಿ ಮಾತ್ರವಲ್ಲ, ಕೊಟ್ಟ ಮನೆಯಲ್ಲಿರುವ ಮಗಳು. ಹಬ್ಬಕ್ಕೆ ಮಗಳಿಗೆ ಸೀರೆ, ಅರಿಸಿನ, ಕುಂಕುಮ ಒಯ್ಯಬೇಡವೆ? ಹೀಗಾಗಿ ಮಲ್ಲಯ್ಯ ಕನ್ನಡಿಗರ ಅಳಿಯ. ಇತ್ತ ನಲ್ಲಮಲೆಯ ಕಾಡಿನಲ್ಲಿ ತಲೆತಲಾಂತರದಿಂದ ಬಾಳಿಬಂದ ಚೆಂಚರು ಹೇಳುವುದೇ ಬೇರೆ: ಬೇಟೆಗೆ ಬಂದ ಮಲ್ಲಯ್ಯ ತಮ್ಮ ಹೆಣ್ಣನ್ನು ಮೆಚ್ಚಿ ಮದುವೆಯಾದನು, ಆದ್ದರಿಂದ ಆತ ತಮ್ಮ ಅಳಿಯ. ಒಂದೇ ಮಾವನ ಮನೆಯ ಮರ್ಜಿಯನ್ನು ಕಾಯ್ದುಕೊಳ್ಳುವ ಕಷ್ಟವೇನೆಂದು ಬಲ್ಲ ನನಗೆ, ಎರಡೆರಡನ್ನು ಕಾಯ್ದುಕೊಂಡ ಆ ಸ್ವಾಮಿಯ ಮೇಲೆ ಭಕ್ತಿ ಇಮ್ಮಡಿಸಿದ್ದು ಆಶ್ಚರ್ಯವಲ್ಲ.

ಶ್ರೀಶೈಲಕ್ಕೆ ನಾಲ್ಕು ದಿಕ್ಕಿಗೆ ನಾಲ್ಕು ದ್ವಾರಗಳೆಂದು ಹೇಳುವ ವಾಡಿಕೆ. ಪೂರ್ವಕ್ಕೆ ತ್ರಿಪುರಾಂತಕ, ದಕ್ಷಿಣಕ್ಕೆ ಸಿದ್ಧವಟ, ಪಶ್ಚಿಮಕ್ಕೆ ಆಲಂಪುರ, ಉತ್ತರಕ್ಕೆ ಉಮಾಮಹೇಶ್ವರ. ಬೀದರ ಸೀಮೆಯ ನಾನು ನ್ಯಾಯವಾಗಿ ಉತ್ತರದ್ವಾರದಿಂದ ಹೋಗಬೇಕಾದವನು. ಆದರೆ ನನ್ನ ಹೆಂಡತಿಯ ತವರು ಮುದ್ದೇಬಿಹಾಳದ ಕಡೆಯ ಒಂದು ಹಳ್ಳಿ. ಮಾವನವರು ಪ್ರತಿವರ್ಷ ಅಲ್ಲಿಂದ ಹೊರಡುವ ತಂಡದ ಹಿರಿಯರು. ಅಳಿಯನಾದ ತಪ್ಪಿಗೆ ಪಶ್ಚಿಮದ್ವಾರವೇ ನನ್ನ ಪಾಲಿಗೆ ಬಂದಿತು.

ಹೋಗಬೇಕೆಂಬ ಆಸೆ ನನ್ನದೇ. ಹಲಬರ್ಗಾದ ಸುತ್ತ ಬೆಟ್ಟವೆಂಬುದಿಲ್ಲ. ಕರಿಯ ಎರೆಹೊಲ, ತೊಗರಿ, ಕಡಲೆ, ನಡುವೆ ಹಾಯ್ದುಹೋಗುವ ಬೀದರ–ಪರಳಿ ರೈಲುಹಳಿ, ಬೀದರದ ಕಡೆ ಕೆಂಪು ಮುರುಕಲ್ಲಿನ ಎತ್ತರದ ಬಯಲು, ಇಷ್ಟೆ. ಆದರೆ ಕಲ್ಯಾಣ ನಮಗೆ ನೆರೆಯೂರು. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಅನುಭವಮಂಟಪದ ಶರಣರನ್ನು ಬೀಳ್ಕೊಂಡು ಶ್ರೀಶೈಲದ ಕದಳಿಯತ್ತ ಹೊರಟದ್ದು ಈ ನೆಲದಿಂದ. ಮುನ್ನೂರು ಕಿಲೋಮೀಟರಿಗೆ ಕಡಿಮೆಯಾಗದ ದಾರಿ ಅದು. ಹರಿಹರನ ರಗಳೆಯನ್ನೂ ಅಕ್ಕನ ವಚನಗಳನ್ನೂ ಹತ್ತು ವರ್ಷ ಪಾಠ ಹೇಳಿದ ನಾನು ಆ ಬೆಟ್ಟವನ್ನು ಒಮ್ಮೆಯೂ ಕಾಲಿನಿಂದ ಕಂಡವನಲ್ಲ. ವಿದ್ಯಾರ್ಥಿಯೊಬ್ಬನು ತರಗತಿಯಲ್ಲಿ “ಸರ್, ಅಕ್ಕ ದಿನಕ್ಕೆ ಎಷ್ಟು ದೂರ ನಡೀತಿದ್ರು?” ಎಂದು ಕೇಳಿದಾಗ ಭಕ್ತಿಯ ಷಟ್ಸ್ಥಲಗಳ ಕಡೆಗೆ ಮಾತು ತಿರುಗಿಸಿ ಮಾನ ಉಳಿಸಿಕೊಂಡಿದ್ದೆ. ಆ ಪ್ರಶ್ನೆ ಮುಳ್ಳಿನಂತೆ ಒಳಗೇ ಉಳಿದಿತ್ತು.

2025ರ ಹೋಳಿಹುಣ್ಣಿಮೆಯ ಮರುದಿನ, ಮಾರ್ಚ್ 15ರಂದು, ನಾವು ಇಪ್ಪತ್ತಮೂರು ಮಂದಿ ಹೊರಟೆವು. ಕೃಷ್ಣೆಯನ್ನೊಮ್ಮೆ, ತುಂಗಭದ್ರೆಯನ್ನೊಮ್ಮೆ ದಾಟಿ, ಲಿಂಗಸುಗೂರು, ರಾಯಚೂರು, ಗದ್ವಾಲ, ಆಲಂಪುರ, ಕರ್ನೂಲುಗಳ ಮೇಲೆ ಹಾಯ್ದು ಆತ್ಮಕೂರಿಗೆ ಬಂದೆವು. ಈ ದಾರಿಯ ವರ್ಣನೆ ನನಗೆ ಬೇಡ. ಡಾಂಬರು ರಸ್ತೆಯ ಅಂಚಿನಲ್ಲಿ ಲಾರಿಗಳ ಧೂಳು ಕುಡಿಯುತ್ತ ನಡೆಯುವುದರಲ್ಲಿ ಕಾವ್ಯವೇನೂ ಇಲ್ಲ. ಬೆಳಗಿನ ಮೂರಕ್ಕೆ ಎದ್ದು, ಹತ್ತರವರೆಗೆ ನಡೆದು, ಹಗಲೆಲ್ಲ ಎಲ್ಲಾದರೂ ನೆರಳಿನಲ್ಲಿ ಬಿದ್ದುಕೊಂಡು, ಇಳಿಹೊತ್ತಿಗೆ ಮತ್ತೆ ನಡೆಯುವುದು ಕ್ರಮ. ಆತ್ಮಕೂರಿನಾಚೆ ವೆಂಕಟಾಪುರದಲ್ಲಿ ರಸ್ತೆ ಮುಗಿದು ಕಾಡು ಮೊದಲಾಗುತ್ತದೆ. ಬಸ್ಸಿನವರು ದೋರ್ನಾಲದ ಮೇಲೆ ನೂರು ಕಿಲೋಮೀಟರಿಗೂ ಮಿಕ್ಕಿ ಸುತ್ತಬೇಕು. ನಡೆಯುವವರು ನಲ್ಲಮಲೆಯ ಬೆಟ್ಟಗಳನ್ನೇ ಅಡ್ಡ ಹಾಯ್ದು ನಲವತ್ತರ ಆಸುಪಾಸಿನಲ್ಲಿ ಮುಗಿಸುತ್ತಾರೆ. ಇದು ಹುಲಿಗಳಿಗಾಗಿ ಕಾಯ್ದಿಟ್ಟ ಅರಣ್ಯ. ಶಿವರಾತ್ರಿ ಯುಗಾದಿಗಳ ಸುಮಾರಿಗೆ ಕೆಲವು ದಿನ ಮಾತ್ರ ಅರಣ್ಯ ಇಲಾಖೆಯವರು ಯಾತ್ರಿಕರಿಗೆ ದಾರಿ ಬಿಡುತ್ತಾರೆ. ವೆಂಕಟಾಪುರದಿಂದ ನಾಗಲೂಟಿ, ಅಲ್ಲಿಂದ ಪೆದ್ದಚೆರುವು, ಆಮೇಲೆ ನಮ್ಮವರ ಬಾಯಲ್ಲಿ ಭೀಮನಕೊಳ್ಳವಾಗಿರುವ ಭೀಮುನಿಕೊಲನು, ಅದರಾಚೆ ಮೆಟ್ಟಿಲೇರಿದರೆ ಕೈಲಾಸದ್ವಾರ.

26ರ ಸಂಜೆ ನಾಗಲೂಟಿಯ ವೀರಭದ್ರನ ಗುಡಿ ಮುಟ್ಟಿದೆವು. ಹನ್ನೆರಡು ದಿನಗಳಲ್ಲಿ ಮೊದಲ ಸಲ ಏರು ಕಂಡ ಕಾಲುಗಳು. ಕೆಳಗೆಲ್ಲ ಬೆಣಚುಕಲ್ಲಿನ ಚೂರುಗಳು. ಬರಿಗಾಲಿನವರಿಗೆ ಒಡೆದ ಬಳೆಗಳ ಮೇಲೆ ನಡೆದಂತೆ. ನಾಳೆ ಒಂದು ದಿನ ಇಲ್ಲಿಯೇ ಮುಕ್ಕಾಂ ಎಂದು ಮಾವನವರು ಸಾರಿದರು. ಪ್ರತಿವರ್ಷವೂ ಹೀಗೆಯೇ ಅಂತೆ. ಮುಂದಿನದು ಕಠಿಣವಾದ ದಾರಿ. ಒಂದು ದಿನ ಕೂಡದೆ ಹೋದ ತಂಡಗಳಲ್ಲಿ ಭೀಮನಕೊಳ್ಳದಲ್ಲಿ ಕುಸಿದವರನ್ನು ಹೆಗಲ ಮೇಲೆ ತರಬೇಕಾಗುತ್ತದೆಂದು ಅವರ ಅನುಭವ. ನನಗಂತೂ ಆ ಮಾತು ಅಮೃತವಾಗಿ ಕೇಳಿಸಿತು. ಎರಡು ಜೊತೆ ಕಾಲುಚೀಲ, ದುಬಾರಿ ಬೂಟು, ಇವೆಲ್ಲವುಗಳ ಒಳಗೆ ನನ್ನ ಪಾದಗಳಲ್ಲಿ ಏಳು ಬೊಬ್ಬೆಗಳೆದ್ದಿದ್ದವು.

ಕುಳಿತ ದಿನದ ಮೊದಲ ಲಕ್ಷಣವೆಂದರೆ ನೋವು. ಇದನ್ನು ನಾನು ಎಣಿಸಿರಲಿಲ್ಲ. ನಡೆಯುವಾಗ ಸುಮ್ಮನಿದ್ದ ಮೊಣಕಾಲು, ಸೊಂಟ, ಹಿಮ್ಮಡಿಗಳು ಬೆಳಗಾಗುತ್ತಲೇ ಒಂದೊಂದಾಗಿ ದೂರು ಹೇಳತೊಡಗಿದವು. ಗುಡಿಯ ಸುತ್ತ ಮರಮರದ ಕೆಳಗೂ ತಂಡಗಳು. ಎಲ್ಲರೂ ಕಾಲು ಚಾಚಿ ಅಂಗಾಲು ಮೇಲೆಮಾಡಿ ಕುಳಿತಿದ್ದಾರೆ. ಮುಖ ನೋಡಿ ಮಾತನಾಡುವವರೇ ಇಲ್ಲ, ಪಾದ ನೋಡಿ ಮಾತು. ಒಬ್ಬ ಅಜ್ಜಿ ಸೂಜಿಗೆ ಎಣ್ಣೆಯಲ್ಲಿ ಅದ್ದಿದ ದಾರ ಪೋಣಿಸಿ ಹುಡುಗರ ಬೊಬ್ಬೆಗಳ ನೀರಿಳಿಸುತ್ತಿದ್ದಾಳೆ. ಇನ್ನೊಂದೆಡೆ ಹರಳೆಣ್ಣೆ, ಅರಿಸಿನ. ಬಾಗಲಕೋಟೆ ಕಡೆಯ ತರುಣನೊಬ್ಬನು ಮರಗಾಲು ಕಟ್ಟಿಕೊಂಡು ಅಲ್ಲಿಯವರೆಗೂ ನಡೆದುಬಂದಿದ್ದನು. ಮರಗಾಲನ್ನು ಬೇವಿನ ಮರಕ್ಕೆ ಒರಗಿಸಿ ನೆಲದ ಮೇಲೆ ನಿಂತವನಿಗೆ ಹೆಜ್ಜೆಯೇ ನೆಟ್ಟಗೆ ಬೀಳಲೊಲ್ಲದು. ಆಳೆತ್ತರದಲ್ಲಿ ಸರಾಗವಾಗಿ ಬಂದವನು ನೆಲದ ಮೇಲೆ ಕುಡಿದವನಂತೆ ತೂರಾಡುವುದನ್ನು ಕಂಡು ಹೆಣ್ಣುಮಕ್ಕಳು ಸೆರಗು ಬಾಯಿಗೊತ್ತಿ ನಕ್ಕರು. ಅವನೂ ನಕ್ಕ.

ನಾನು ಕಟ್ಟೆಯ ಮೇಲೆ ಕಟಕರೊಟ್ಟಿ, ಶೇಂಗಾಚಟ್ನಿಯ ಗಂಟು ಬಿಚ್ಚಿಕೊಂಡು ಕುಳಿತು ಸುತ್ತ ನೋಡಿದೆನು. ಒಂದು ಕಡೆ ಕನ್ನಡ ಭಕ್ತರ ದಾಸೋಹದ ಒಲೆ ಉರಿಯುತ್ತಿದೆ. ಒಂದು ಕಡೆ ನೀರು. ಹಿಂದೆ ಹಳೆಯ ಗುಡಿಯ ಕಲ್ಲುಮಂಟಪ, ರಾತ್ರಿ ನಾವು ಮಲಗಿದ್ದು ಅಲ್ಲಿಯೇ. ಹಸಿವು, ನೀರಡಿಕೆ, ನಿದ್ರೆ ಈ ಮೂರಕ್ಕೂ ದಾರಿಯಲ್ಲಿ ಏನೇನು ಒದಗುತ್ತದೆಂದು ಅಕ್ಕ ಹೇಳಿಕೊಂಡ ವಚನವೊಂದಿದೆ. ಕನ್ನಡ ಓದಿದವರೆಲ್ಲ ಬಲ್ಲರು. ವೈರಾಗ್ಯದ ಪರಾಕಾಷ್ಠೆ ಎಂದು ಅದನ್ನು ಹತ್ತು ವರ್ಷ ಕಲಿಸಿದ್ದೆ. ಪ್ರಶ್ನೆಪತ್ರಿಕೆಯಲ್ಲಿ ಹತ್ತು ಅಂಕಕ್ಕೆ ಕೇಳಿಯೂ ಇದ್ದೆ. ನಾಗಲೂಟಿಯ ಕಟ್ಟೆಯ ಮೇಲೆ ಅದು ಬೇರೆಯಾಗಿ ಕಂಡಿತು. ಕಾಲ್ನಡೆಯಲ್ಲಿ ಹೋಗುವವರಿಗೆ ಊಟ ಎಲ್ಲಿ, ನೀರು ಎಲ್ಲಿ, ಮಲಗುವುದೆಲ್ಲಿ ಎಂಬುದರ ಲೆಕ್ಕ ಅದು. ದಿನವೂ ನಡೆದು ಬಲ್ಲವರಲ್ಲದೆ ಬೇರೆಯವರು ಆ ಮೂರನ್ನು ಹಾಗೆ ಹೊಂದಿಸಲಾರರು. ವೈರಾಗ್ಯ ಇಲ್ಲವೆಂದಲ್ಲ, ಆದರೆ ಅದರ ಕೆಳಗೆ ದಾರಿಯ ಮಣ್ಣಿದೆ. ಇಷ್ಟು ಹೊಳೆದದ್ದೇ ತಡ, ಟಿಪ್ಪಣಿ ಬರೆದುಕೊಳ್ಳಲು ಪುಸ್ತಕ ತೆಗೆದೆ. ಬರೆಯುತ್ತ ಇನ್ನೊಂದು ಸಂಶಯ ಹುಟ್ಟಿತು. ಪಾದದ ಮಾತೇ ಅದರಲ್ಲಿ ಇಲ್ಲವಲ್ಲ?

ಸಂಶಯ ಪೂರ್ತಿಯಾಗುವ ಮೊದಲೇ ಮಾವನವರ ಧ್ವನಿ ಕೇಳಿಸಿತು.

ಅವರನ್ನು ಕುರಿತು ಎರಡು ಮಾತು ಹೇಳಬೇಕು. ವಯಸ್ಸು ಎಪ್ಪತ್ತೊಂದು. ಒಕ್ಕಲುತನದ ದೇಹ. ಇದು ಅವರ ಹದಿನೆಂಟನೆಯ ಯಾತ್ರೆ, ಪ್ರತಿಸಲವೂ ಬರಿಗಾಲಿನಲ್ಲಿ. ಹನ್ನೊಂದು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಗುಳಿಗೆಗಳನ್ನು ನುಂಗುತ್ತಾರೆ, ಆದರೆ ನೆನಪಾದಾಗ. ನಾವೆಲ್ಲ ಕುಂಟುತ್ತ ಬರುತ್ತಿದ್ದರೆ ಅವರೊಬ್ಬರು ಮುಂದೆ ಮುಂದೆ. ನೋವೆಂಬ ಶಬ್ದವನ್ನೇ ಅವರು ಆಡಲಿಲ್ಲ. “ಈ ಎರಡು ವರ್ಷ ಆತು ನೋಡ್ರಿ, ಕಾಲು ಅಂಬೂದ ಗೊತ್ತಾಗೂದಿಲ್ಲ. ಮಲ್ಲಯ್ಯ ಎತಗೊಂಡು ಹೊಂಟಾನ,” ಎನ್ನುತ್ತಿದ್ದರು. ತಂಡದವರೆಲ್ಲ ಕೈಮುಗಿಯುವರು. ನಾನೂ ಒಳಗೊಳಗೆ ಅಸೂಯೆಪಟ್ಟಿದ್ದೆ.

ಆಗ ಅವರು ಸ್ನಾನ ಮಾಡಿ ಒದ್ದೆ ಕಾಲಿನಲ್ಲಿ ಮಂಟಪದ ಕಲ್ಲುಹಾಸಿನ ಮೇಲೆ ಬಂದು ನಿಂತಿದ್ದರು. ಹಿಂದಿರುಗಿ ನೆಲ ನೋಡಿ, “ಯಾವದೋ ಹುಡುಗನ ಕಾಲಿಗೆ ಪೆಟ್ಟಾಗೇತಿ. ರಕ್ತ ಸೋರ್ತದ. ಯಾರದು ನೋಡ್ರಿ ಅಳಿಯಂದಿರ,” ಎಂದರು. ಕಲ್ಲಿನ ಮೇಲೆ ಒದ್ದೆಹೆಜ್ಜೆಗಳ ಸಾಲು. ಎಡದ ಹೆಜ್ಜೆ ನೀರಿನ ಬಣ್ಣದ್ದು. ಬಲದ ಪ್ರತಿಯೊಂದು ಹೆಜ್ಜೆಯಲ್ಲಿಯೂ ಹೆಬ್ಬೆರಳಿನ ಬುಡದಲ್ಲಿ ಕೆಂಪು ಕಾಸಿನಗಲದ ಕಲೆ. ಸಾಲು ಎಲ್ಲಿಂದ ಬಂದಿದೆಯೆಂದು ನೋಡಿದೆ. ಎಲ್ಲಿ ಮುಗಿದಿದೆಯೆಂದು ನೋಡಿದೆ. ಅದು ಅವರ ಕಾಲ ಕೆಳಗೇ ಮುಗಿದಿತ್ತು.

“ಮಾವನವರ, ಸ್ವಲ್ಪ ಕೂಡ್ರಿ,” ಎಂದೆ.

ಅವರ ಬಲಗಾಲನ್ನು ಕೈಗೆತ್ತಿಕೊಂಡಾಗ ಅವರು ತಟ್ಟನೆ ಹಿಂದೆಳೆದುಕೊಂಡರು. ನೋವಿನಿಂದಲ್ಲ, ಸಂಕೋಚದಿಂದ. ಮದುವೆಯ ಹಂದರದಲ್ಲಿ ತಂಬಿಗೆ ಹಿಡಿದು ನನ್ನ ಕಾಲು ತೊಳೆದವರು ಅವರು. ಈಗ ಅಳಿಯನ ಕೈಯಲ್ಲಿ ತಮ್ಮ ಕಾಲು ಕೊಡುವುದೆಂದರೇನು! ಒತ್ತಾಯದಿಂದಲೇ ನೋಡಿದೆ. ಅಂಗಾಲಿನ ದಪ್ಪ ಚರ್ಮದ ನಡುವೆ ಒಂದು ತೂತು. ಸುತ್ತ ಬಿಳಚಿ ಊದಿದ ಅಂಚು. ಒಳಗೆ ಏನೋ ಮಿನುಗಿತು. ವಾಸನೆ ಬಂದಿತು. ಆ ವಾಸನೆಯನ್ನು ಕುರಿತು ಬರೆಯಲಾರೆ. ಅದು ಒಂದು ದಿನದ ಗಾಯವಲ್ಲವೆಂಬುದು ನನ್ನಂತಹ ಪಂಡಿತನಿಗೂ ತಿಳಿಯಿತು.

ದಾಸೋಹದ ಪಕ್ಕದಲ್ಲಿ ಯಾತ್ರಿಕರಿಗಾಗಿ ಔಷಧೋಪಚಾರದ ಡೇರೆಯೊಂದಿತ್ತು. ನಮ್ಮ ಸೀಮೆಯವಳೇ ಆದ ತರುಣಿ ವೈದ್ಯೆ ಬೆಳಗಿನಿಂದ ಬೊಬ್ಬೆಗಳಿಗೆ ಪಟ್ಟಿ ಕಟ್ಟಿ ಬೇಸತ್ತಿದ್ದಳು. ಮಾವನವರ ಕಾಲು ನೋಡಿದೊಡನೆ ಆಕೆಯ ಬೇಸರ ಹೋಯಿತು. ಚಿಮುಟದಿಂದ ಜೋಳದ ಕಾಳಿನಷ್ಟು ಬೆಣಚುಕಲ್ಲಿನ ಹರಳನ್ನು ಹೊರತೆಗೆದಳು. ಮಾವನವರು ಆ ಹೊತ್ತಿನಲ್ಲಿ ಡೇರೆಯ ಹೊರಗೆ ಕೋತಿಗಳನ್ನು ನೋಡುತ್ತಿದ್ದರು. ಆಮೇಲೆ ಅವರಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಗಿಡ್ಡನೆಯ ನೈಲಾನು ಎಳೆಯೊಂದನ್ನು ಕೈಗೆತ್ತಿಕೊಂಡು, “ಅಜ್ಜಾರ, ನಾ ಇದನ್ನ ಕಾಲಿಗೆ ಮುಟ್ಟಸ್ತೀನಿ. ಗೊತ್ತಾದಾಗ ‘ಹ್ಞೂ’ ಅನ್ರಿ,” ಎಂದಳು. ಹೆಬ್ಬೆರಳ ತುದಿಗೆ, ಬುಡಕ್ಕೆ, ಅಂಗಾಲ ನಡುವಿಗೆ, ಹಿಮ್ಮಡಿಗೆ ಎಳೆ ಬಾಗುವವರೆಗೆ ಒತ್ತಿದಳು. ಎಂಟು ಕಡೆ ಒತ್ತಿದ ಮೇಲೆ ಮಾವನವರು ಕಣ್ಣು ಮುಚ್ಚಿಕೊಂಡೇ, “ಸುರು ಮಾಡವ್ವ, ಯಾಕ ತಡಾ?” ಎಂದರು.

ವೈದ್ಯೆ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಸಕ್ಕರೆ ಕಾಯಿಲೆ ಬಹುಕಾಲ ಅಂಕೆತಪ್ಪಿದ್ದರೆ ಕಾಲಿನ ನರಗಳು ತುದಿಯಿಂದ ಮೇಲಕ್ಕೆ ಸಾಯುತ್ತ ಬರುತ್ತವೆಂದು ಆಕೆ ನನಗೆ ವಿವರಿಸಿದಳು. ಮೊದಲು ಜುಮುಜುಮು, ಉರಿ. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದಿರುವುದನ್ನೇ ರೋಗಿ ಗುಣವೆಂದು ತಿಳಿಯುತ್ತಾನೆ. ಕಲ್ಲು ಚುಚ್ಚಿದರೂ, ಕಾದ ನೆಲ ಸುಟ್ಟರೂ ಅರಿವಿಲ್ಲ. ಅರಿವಿಲ್ಲದ್ದರಿಂದ ಕಾಲು ಬದಲಿಸಿ ಇಡುವುದಿಲ್ಲ. ಅದೇ ಜಾಗದ ಮೇಲೆ ಇಡೀ ದೇಹದ ಭಾರ ಸಾವಿರ ಸಲ ಬೀಳುತ್ತದೆ. ರಕ್ತದ ಓಟವೂ ಕುಂದಿರುವುದರಿಂದ ಗಾಯ ಮಾಯುವುದು ನಿಧಾನ, ಕೀವಾಗುವುದು ಬೇಗ. ಕೀವು ಎಲುಬಿಗಿಳಿದರೆ ಬೆರಳು ತೆಗೆಯಬೇಕಾದೀತು, ತಡವಾದರೆ ಪಾದವನ್ನೇ. ಔಷಧವೇನೇ ಇರಲಿ, ಮೊದಲ ಚಿಕಿತ್ಸೆಯೆಂದರೆ ಆ ಕಾಲಿನ ಮೇಲೆ ಭಾರ ಹಾಕದಿರುವುದು. ಈ ಕಾಯಿಲೆಯವರು ಮನೆಯೊಳಗೂ ಬರಿಗಾಲಿನಲ್ಲಿ ತಿರುಗಬಾರದು, ದಿನವೂ ಒಮ್ಮೆ ಅಂಗಾಲು ನೋಡಿಕೊಳ್ಳಬೇಕು, ಬಾಗಲಾರದವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಿಕೊಳ್ಳಬೇಕು. ವಾಚಕರ ಮನೆಗಳಲ್ಲಿಯೂ ಇಂತಹ ಹಿರಿಯರಿರುವುದರಿಂದ ಆಕೆ ಹೇಳಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. “ನೋವಿದ್ದವ್ರ ಬಗ್ಗೆ ನನಗ ಚಿಂತಿ ಇಲ್ಲ ಸರ್, ಅವ್ರು ತಾವಾಗಿ ಇಲ್ಲಿಗೆ ಬರ್ತಾರ. ಬರಲಾರದವ್ರದೇ ಚಿಂತಿ,” ಎಂದಳು.

ಮಧ್ಯಾಹ್ನ ಮರದ ಕೆಳಗೆ ತಂಡದ ಪಂಚಾಯಿತಿ ಕೂಡಿತು. ನನ್ನ ಮೈದುನನು ಮೊದಲು ಬಾಯಿಬಿಟ್ಟನು: ಇನ್ನುಳಿದದ್ದು ಎರಡು ದಿನದ ದಾರಿ; ಹನ್ನೆರಡು ದಿನ ಕಾಯ್ದ ಮಲ್ಲಯ್ಯ ಎರಡು ದಿನ ಕಾಯನೇ; ಶಿಖರ ಕಂಡಮೇಲೆ ಬಸ್ಸಿನಲ್ಲಿ ನೇರ ಆಸ್ಪತ್ರೆಗೆ ಒಯ್ಯೋಣ. ನಾಲ್ಕಾರು ಜನ ತಲೆಯಾಡಿಸಿದರು. ಅಷ್ಟು ದೂರದಿಂದ ಬಂದು ಹೀಗೆ ತಿರುಗಿಹೋದ ಹಿರಿಯನ ಬಗ್ಗೆ ಊರಲ್ಲಿ ಆಡಿಕೊಳ್ಳುವ ಮಾತುಗಳೂ ಅವರ ಮನಸ್ಸಿನಲ್ಲಿದ್ದವು. ಬೀದರದಿಂದ ಬಂದ ಅಳಿಯ ಮಾವನ ಯಾತ್ರೆ ಕೆಡಿಸಿದ ಎಂಬ ಮಾತೂ ಅವುಗಳಲ್ಲಿ ಒಂದಾಗುವುದೆಂದು ನನಗೆ ಸ್ಪಷ್ಟವಿತ್ತು. ನಾನು ಧೈರ್ಯವಂತನಲ್ಲ. ಕಲ್ಲುಹಾಸಿನ ಮೇಲಿನ ಆ ಹೆಜ್ಜೆಗಳನ್ನು ಕಾಣದಿದ್ದರೆ ನಾನೂ ತಲೆಯಾಡಿಸುತ್ತಿದ್ದೆನೇನೋ.

“ಹೋಗೂದು ಬ್ಯಾಡ,” ಎಂದೆ.

ಮಾವನವರು ಬಹಳ ಹೊತ್ತು ಮಾತನಾಡಲಿಲ್ಲ. ಅವರ ಬಲಗಾಲಿಗೆ ಬಿಳಿಯ ಪಟ್ಟಿ ಕಟ್ಟಿತ್ತು. ಬೇರೆಯವರ ವಸ್ತುವೊಂದನ್ನು ನೋಡುವಂತೆ ಅದನ್ನು ನೋಡುತ್ತಿದ್ದರು. ಕಡೆಗೆ ನನ್ನ ಕಡೆ ತಿರುಗಿ, “ನೀವು ಓದಿದವ್ರು. ದಿನಾ ಪಾಠಾ ಹೇಳಾವ್ರು. ಹೇಳ್ರಿ ನೋಡೂಣು, ಅಕ್ಕ ಕಲ್ಯಾಣದಿಂದ ಹೊಂಟಾಕಿ ನಡುವ ತಿರಿಗಿ ಹ್ವಾದಳೇನು?” ಎಂದು ಕೇಳಿದರು.

ಇಂತಹ ಪ್ರಶ್ನೆ ನನಗೆ ಸಂದರ್ಶನದಲ್ಲಿಯೂ ಬಂದಿರಲಿಲ್ಲ, ಮೌಖಿಕ ಪರೀಕ್ಷೆಯಲ್ಲಿಯೂ ಬಂದಿರಲಿಲ್ಲ. ಇಪ್ಪತ್ತೆರಡು ಜೊತೆ ಕಣ್ಣುಗಳು ನನ್ನ ಮೇಲೆ. ಬೆಳಗ್ಗೆ ಅರ್ಧಕ್ಕೆ ಬಿಟ್ಟ ಟಿಪ್ಪಣಿ ನೆನಪಾಯಿತು.

“ಅಕ್ಕಗ ಕಾಲು ನೋಯ್ತಿದ್ವು, ಮಾವನವರ,” ಎಂದೆ.

ಇದಕ್ಕೆ ಯಾವ ಹಸ್ತಪ್ರತಿಯ ಆಧಾರವೂ ಇಲ್ಲ. ವಿದ್ವಾಂಸರು ಮನ್ನಿಸಬೇಕು. ಆದರೆ ಮಾವನವರು ಅದನ್ನು ಅಲ್ಲಗಳೆಯಲಿಲ್ಲ. ಪಟ್ಟಿ ಕಟ್ಟಿದ ಕಾಲನ್ನು ಒಮ್ಮೆ ಬೆರಳಿನಿಂದ ಒತ್ತಿ ನೋಡಿದರು, ಮತ್ತೆ ಇನ್ನೂ ಗಟ್ಟಿಯಾಗಿ ಒತ್ತಿದರು. ಆಮೇಲೆ, “ನನ್ನ ಸಂಗಾಟ ಯಾರು ಬರತೀರಿ?” ಎಂದರು.

ಮೈದುನನಿಗೆ ಕಂಬಿ ಹೊರುವ ಪಾಳಿಯಿತ್ತು. ಉಳಿದವರೆಲ್ಲ ಹರಕೆ ಹೊತ್ತವರು. ಹರಕೆಯಿಲ್ಲದೆ ಕೇವಲ ಕುತೂಹಲಕ್ಕಾಗಿ ಬಂದವನು ನಾನೊಬ್ಬನೆ. ಕದಳಿಯನ್ನು ನೋಡಬೇಕು, ಕೃಷ್ಣೆಯಲ್ಲಿ ದೋಣಿಯೇರಿ ಅಕ್ಕನ ಗವಿಗೆ ಹೋಗಬೇಕು, ಬಂದಮೇಲೆ ವಿದ್ಯಾರ್ಥಿಗಳ ಮುಂದೆ ಎದೆಯುಬ್ಬಿಸಿ ಹೇಳಬೇಕು, ಇವೆಲ್ಲ ಹರಕೆಗಳಲ್ಲ. ಬರುತ್ತೇನೆಂದೆ. ಹೇಳಿದೊಡನೆ ಹೊಟ್ಟೆಯಲ್ಲಿ ಸಂಕಟವಾದದ್ದನ್ನು ಮುಚ್ಚಿಡಲಾರೆ. ಹನ್ನೆರಡು ದಿನ ಸವೆಸಿದ ದಾರಿ. ಎದುರಿಗೆ ಬೆಟ್ಟ ನಿಂತಿದೆ. ಒಂದು ಕ್ಷಣ ಮಾವನವರ ಮೇಲೆಯೇ ಸಿಟ್ಟು ಬಂದಿತು: ಗುಳಿಗೆಯನ್ನು ಸರಿಯಾಗಿ ನುಂಗಿದ್ದರೆ ಆಗುತ್ತಿರಲಿಲ್ಲವೆ? ಅವರು ಅದನ್ನು ಮುಖದಲ್ಲಿ ಓದಿರಬೇಕು. “ನಿಮ್ಮದೂ ಹಾಳಾತು,” ಎಂದಷ್ಟೆ ಅಂದರು.

ಅರಣ್ಯ ಇಲಾಖೆಯಲ್ಲಿ ಕಾವಲುಗಾರನಾಗಿದ್ದ ಚೆಂಚು ತರುಣನೊಬ್ಬನು, ದಾಸೋಹಕ್ಕೆ ಸಾಮಾನು ತರುವ ಜೀಪು ಮೂರು ಗಂಟೆಗೆ ಬಂದು ಖಾಲಿ ಹಿಂದಿರುಗುವುದೆಂದು ತಿಳಿಸಿದನು. ಅವನ ತೆಲುಗು, ನಮ್ಮ ಕನ್ನಡ. ಆದರೂ ಕಾಲಿನ ಪಟ್ಟಿ ಎಲ್ಲವನ್ನೂ ಹೇಳಿತು. ಮಾವನವರನ್ನು ಜೀಪಿನಲ್ಲಿ ಕೂರಿಸುವಾಗ ಅವನೇ ಒಂದು ತೋಳು ಹಿಡಿದನು. ಎರಡು ಕಡೆಯ ಬೀಗರು ಎಂದು ಹಾಸ್ಯ ಮಾಡಬೇಕೆನಿಸಿತು, ಮಾಡಲಿಲ್ಲ. ಹೊರಡುವ ಮುನ್ನ ಮಾವನವರು ತಮ್ಮ ಗಂಟಿನಿಂದ ಇಳಕಲ್ಲ ಸೀರೆಯನ್ನು ತೆಗೆದು ತಂಡದ ಹಿರಿಯ ಮುತ್ತೈದೆಯ ಕೈಗೆ ಕೊಟ್ಟರು. ಸೀರೆಯನ್ನು ಕೊಟ್ಟಮೇಲೂ ಅದರ ಅಂಚನ್ನು ಒಂದು ಗಳಿಗೆ ಹಿಡಿದುಕೊಂಡೇ ಇದ್ದರು. “ಅಪ್ಪ ಬಂದಿದ್ದ, ನಾಗಲೂಟಿ ತನಕ ಬಂದಿದ್ದ ಅಂತ ಹೇಳವ್ವ ಆಕಿಗೆ,” ಎಂದರು. ಮುತ್ತೈದೆ ಸೆರಗಿನಿಂದ ಕಣ್ಣೊರಸಿಕೊಂಡಳು. ಜೀಪಿನಲ್ಲಿ ಮುಂದೆ ಜಾಗವಿದ್ದರೂ ಮಾವನವರು ಹಿಂದೆಯೇ ಕುಳಿತು ಬೆಟ್ಟದ ಕಡೆಗೆ ಮುಖ ಮಾಡಿದರು.

ಆತ್ಮಕೂರಿನಲ್ಲಿ ಗಾಯ ತೊಳೆದು ಕರ್ನೂಲಿಗೆ ಕಳಿಸಿದರು. ಅಲ್ಲಿ ಹನ್ನೊಂದು ದಿನ ಇದ್ದೆವು. ಬೆರಳು ಉಳಿಯಿತು. ಗಾಯ ಪೂರ್ತಿ ಮಾಯಲು ಹತ್ತು ವಾ‌ರಗಳೇ ಬೇಕಾದವು. ಅಷ್ಟು ದಿನವೂ ಊರುಗೋಲು, ಅಷ್ಟು ದಿನವೂ ಕೂಡುವುದು. ಒಂದು ದಿನದ ಮುಕ್ಕಾಮನ್ನು ಸಾರಿದವರಿಗೆ ಇಷ್ಟುದ್ದದ ಮುಕ್ಕಾಂ ಬಂದಿತು. ಈಗ ಅವರ ಮಂಚದ ಕೆಳಗೆ ನನ್ನ ಹೆಂಡತಿ ಕೊಂಡುಕೊಟ್ಟ ಒಂದು ಕನ್ನಡಿಯಿದೆ. ಬೆಳಗ್ಗೆ ವಿಭೂತಿ ಹಚ್ಚಿಕೊಳ್ಳುವ ಮೊದಲು ಅದರಲ್ಲಿ ಅಂಗಾಲು ನೋಡಿಕೊಳ್ಳುತ್ತಾರೆ. ಮಂದ ಅಟ್ಟೆಯ ಚಪ್ಪಲಿ ಮೆಟ್ಟಿ ಹೊಲಕ್ಕೆ ಹೋಗುವುದಕ್ಕೆ ಮೊದಮೊದಲು ನಾಚುತ್ತಿದ್ದರು.

29ರ ಸಂಜೆ, ಯುಗಾದಿಯ ಹಿಂದಿನ ದಿನ, ಆಸ್ಪತ್ರೆಯ ಕಿಟಕಿಯಿಂದ ಬಿಸಿಲು ಇಳಿಯುತ್ತಿತ್ತು. ಜೀಪು ಹತ್ತಿದ ಮೇಲೆ ಎರಡು ದಿನ ನನ್ನೊಡನೆ ಬೇಕಾದಷ್ಟಕ್ಕೆ ಮಾತ್ರ ಮಾತನಾಡಿದ್ದ ಮಾವನವರು ಗೋಡೆಯ ಗಡಿಯಾರ ನೋಡಿದರು.

“ಈಗ ಭೀಮನಕೊಳ್ಳಕ್ಕ ಇಳೀತಿರತಾರ,” ಎಂದರು. “ಎರಡೂ ಕಡೆ ಗುಡ್ಡ. ಇಳಿಯಾಕ ಸಲೀಸು ಅನಸ್ತೈತಿ, ಮೊಣಕಾಲು ಅಲ್ಲೇ ಹೋಗೂದು. ಕೆಳಗ ಬಂದು ನೀರು ಕುಡೀತಾರ. ಕುಡದು ಕೂಡಬಾರದು, ಕುಂತ್ರ ಏಳಾಕ ಆಗೂದಿಲ್ಲ. ಹಂಗ ಹತ್ತಬೇಕು.” ಕೈಯಿಂದ ಹೊದಿಕೆಯ ಮೇಲೆ ಮೆಟ್ಟಿಲು ತೋರಿಸಿದರು. ಎಲ್ಲಿ ಕಲ್ಲು ಅಲುಗುತ್ತದೆ, ಎಲ್ಲಿ ಕಂಬಿಯನ್ನು ಹೆಗಲು ಬದಲಿಸಬೇಕು, ಎಲ್ಲಿ ಮರದ ನಡುವಿನಿಂದ ಕೈಲಾಸದ್ವಾರ ಮೊದಲು ಕಾಣುತ್ತದೆ, ಒಂದನ್ನೂ ಬಿಡದೆ ಹೇಳುತ್ತ ಹೋದರು. ನಾನು ಟಿಪ್ಪಣಿಯ ಪುಸ್ತಕ ತೆಗೆದೆ. ದಾದಿ ಬಂದು ದೀಪ ಆರಿಸುವವರೆಗೂ ನಾವಿಬ್ಬರೂ ಹತ್ತುತ್ತಲೇ ಇದ್ದೆವು.